ಹೆಡರ್ ಬದಲಾಗುತ್ತಿಲ್ಲವೇ? ಪ್ರಾಕ್ಸಿಗೆ ಸ್ಕ್ರಿಪ್ಟ್ ಹಾಕುವ ಸರಿಯಾದ ಕ್ರಮ

ದಾವಣಗೆರೆಯಲ್ಲಿ ಕೊನೇ ಸೆಮಿಸ್ಟರಿನ ಪ್ರಾಜೆಕ್ಟ್ ಶುರುವಾಯಿತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು ಬರುತ್ತವೆ. "ಅಣ್ಣ, ಸ್ಕ್ರಿಪ್ಟ್ ಸರಿ ಇದೆ. ಎರರ್ ಏನೂ ಬರ್ತಿಲ್ಲ. ಆದ್ರೆ ಹೆಡರ್ ಮಾತ್ರ ಬದಲಾಗ್ತಿಲ್ಲ." ವಿದ್ಯಾನಗರದ ಅವರ ರೂಮಿಗೆ ಹೋಗಿ ಕೂತು ನೋಡಿದರೆ ಸ್ಕ್ರಿಪ್ಟ್ ನಿಜವಾಗಲೂ ಸರಿಯಾಗಿಯೇ ಇರುತ್ತದೆ. ಎಡವಿರುವುದು ಕ್ರಮದಲ್ಲಿ. ರಿಕ್ವೆಸ್ಟ್, ಅಂದರೆ ಬ್ರೌಸರ್ ಸರ್ವರಿಗೆ ಕಳಿಸುವ ಕೋರಿಕೆ, ಪ್ರಾಕ್ಸಿ ಮೂಲಕ ಹೋಗುತ್ತಿದೆಯೋ ಇಲ್ಲವೋ ನೋಡುವ ಮೊದಲೇ ಸ್ಕ್ರಿಪ್ಟ್ ಬರೆದಿರುತ್ತಾರೆ. ಆಮೇಲೆ ಬದಲಾವಣೆಯನ್ನು ಕಾಣಿಸದ ಜಾಗದಲ್ಲಿ ಹುಡುಕುತ್ತಿರುತ್ತಾರೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸ್ಕ್ರಿಪ್ಟ್ ಬರುವುದು ನಾಲ್ಕನೇ ಹಂತದಲ್ಲಿ. ಅದಕ್ಕೂ ಮುಂಚಿನ ಮೂರು ಹಂತಗಳನ್ನು, ನಾನೇ ಬಿಡಬಹುದು ಎಂದು ಹೇಳುವ ಕಡೆ ಹೊರತು, ಹಾರಬೇಡಿ.

## ಶುರು ಮಾಡುವ ಮೊದಲು

ಹೆಡರ್ ಎಂದರೇನು ಎಂದು ಗೊತ್ತಿಲ್ಲದವರು ನಮ್ಮ ಎಪಿಎಂಸಿ ಯಾರ್ಡಿಗೆ ಬರುವ ಮೆಕ್ಕೆಜೋಳದ ಲಾರಿಯನ್ನು ನೆನೆಸಿಕೊಳ್ಳಿ. ಚೀಲಗಳು ಒಂದು, ಡ್ರೈವರ್ ಕೈಯಲ್ಲಿರುವ ಚೀಟಿ ಇನ್ನೊಂದು. ಎಲ್ಲಿಂದ ಬಂತು, ಯಾರಿಗೆ ಹೋಗಬೇಕು, ತೂಕ ಎಷ್ಟು ಎಂಬುದೆಲ್ಲ ಚೀಟಿಯಲ್ಲಿರುತ್ತದೆ. ವೆಬ್‌ನಲ್ಲಿ ಆ ಚೀಟಿಯೇ ಹೆಡರ್. ಪ್ರಾಕ್ಸಿ ಎಂದರೆ ಬ್ರೌಸರಿಗೂ ಸರ್ವರಿಗೂ ನಡುವಿನ ಗೇಟಿನಲ್ಲಿ ನಿಂತು ಚೀಟಿಯನ್ನು ತಿದ್ದಿ ಒಳಗೆ ಬಿಡುವವನು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಲ್ಯಾಪ್‌ಟಾಪ್, ಫೈರ್‌ಫಾಕ್ಸ್ ಬ್ರೌಸರ್, ಸರಿಯಾದ ಟೆಕ್ಸ್ಟ್ ಎಡಿಟರ್ ಮತ್ತು ಮಿಟ್ಮ್‌ಪ್ರಾಕ್ಸಿ. ಕೊನೆಯದರ ಹೆಸರನ್ನು ಎಂ, ಐ, ಟಿ, ಎಂ ಅಕ್ಷರಗಳಿಗೆ ಪ್ರಾಕ್ಸಿ ಎಂದು ಅಂಟಿಸಿ ಬರೆಯುತ್ತಾರೆ. ಉಚಿತ ಸಾಫ್ಟ್‌ವೇರ್. ಸ್ಕ್ರಿಪ್ಟ್ ಬರೆಯುವುದು ಪೈಥಾನ್‌ನಲ್ಲಿ.

ಆಜ್ಞೆಗಳನ್ನು ಇಲ್ಲಿ ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು, ಆಜ್ಞೆಗಳು ಸಣ್ಣಕ್ಷರದಲ್ಲಿರಲಿ.

ಒಂದು ಮಾತು ಈಗಲೇ. ನಿಮ್ಮ ಸ್ವಂತ ಲ್ಯಾಪ್‌ಟಾಪ್, ನಿಮ್ಮ ಸ್ವಂತ ಫೋನ್, ನಿಮ್ಮ ಪ್ರಾಜೆಕ್ಟಿನ ಸೈಟ್. ಇಷ್ಟರ ಮೇಲೆ ಮಾತ್ರ ಇದನ್ನು ಮಾಡಿ. ರೂಮ್‌ಮೇಟ್ ಫೋನಿನ ಟ್ರಾಫಿಕ್ಕನ್ನು ಅವನಿಗೆ ಹೇಳದೆ ನೋಡುವುದು ತಮಾಷೆ ಅಲ್ಲ. 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳು ಅನುಮತಿ ಇಲ್ಲದ ಇಂಥ ಕೆಲಸಕ್ಕೇ ಇರುವುದು, 3 ವರ್ಷದವರೆಗೆ ಜೈಲಾಗಬಹುದು.

## ಹಂತ 1: ಸ್ಕ್ರಿಪ್ಟ್ ಇಲ್ಲದೆ ಪ್ರಾಕ್ಸಿ ಎಬ್ಬಿಸಿ

ವಿಂಡೋಸ್‌ನಲ್ಲಿ ಮಿಟ್ಮ್‌ಪ್ರಾಕ್ಸಿಯ ಅಧಿಕೃತ ಸೈಟಿನಿಂದ ಇನ್‌ಸ್ಟಾಲರ್ ತೆಗೆದುಕೊಳ್ಳಿ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಸಾಕು. ಒಂದೇ ಪ್ಯಾಕೇಜಿನಲ್ಲಿ ಮೂರು ಉಪಕರಣ ಬರುತ್ತವೆ: ಟರ್ಮಿನಲ್‌ನಲ್ಲೇ ಕೀಲಿಗಳಿಂದ ಓಡಾಡುವ ಮಿಟ್ಮ್‌ಪ್ರಾಕ್ಸಿ, ಬ್ರೌಸರಿನಲ್ಲಿ ಕಾಣುವ ಮಿಟ್ಮ್‌ವೆಬ್, ಬರೀ ಸಾಲುಗಳನ್ನು ಉಗುಳುವ ಮಿಟ್ಮ್‌ಡಂಪ್. ಕಲಿಯುವವರಿಗೆ ಮಿಟ್ಮ್‌ವೆಬ್ ಒಳ್ಳೆಯದು, ಏನು ನಡೆಯುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ.

ಟರ್ಮಿನಲ್ ತೆರೆದು ಮಿಟ್ಮ್‌ವೆಬ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಪ್ರಾಕ್ಸಿ 8080 ಪೋರ್ಟಿನಲ್ಲಿ ಏಳುತ್ತದೆ, ನೋಡುವ ಪುಟ 8081ರಲ್ಲಿ ತೆರೆಯುತ್ತದೆ. ಈ ಎರಡನ್ನು ಅದಲುಬದಲು ಮಾಡುವವರು ತುಂಬಾ ಜನ. ಬ್ರೌಸರಿನ ಪ್ರಾಕ್ಸಿ ಸೆಟ್ಟಿಂಗಿನಲ್ಲಿ 8081 ಹಾಕಿದರೆ ಏನೂ ನಡೆಯುವುದಿಲ್ಲ. ಹೊಸ ಆವೃತ್ತಿಗಳಲ್ಲಿ 8081ರ ಪುಟ ಟೋಕನ್, ಅಂದರೆ ಪಾಸ್‌ವರ್ಡಿನಂಥ ಗುರುತು, ಕೇಳುತ್ತದೆ. ಟರ್ಮಿನಲ್ ತೋರಿಸುವ ಪೂರ್ತಿ ವಿಳಾಸವನ್ನೇ ಕಾಪಿ ಮಾಡಿ ತೆರೆಯಿರಿ.

8080 ಬೇರೆ ಯಾವುದಾದರೂ ಸಾಫ್ಟ್‌ವೇರ್ ಕೈಯಲ್ಲಿದ್ದರೆ ಪ್ರಾಕ್ಸಿ ಏಳುವುದೇ ಇಲ್ಲ. ಜಾವಾ ಲ್ಯಾಬಿಗೆಂದು ಟಾಮ್‌ಕ್ಯಾಟ್ ಸರ್ವರ್ ಹಾಕಿಕೊಂಡವರಿಗೆ ಇದು ಗ್ಯಾರಂಟಿ ಬರುವ ತೊಂದರೆ. ಆಗ ಆಜ್ಞೆಯ ಕೊನೆಗೆ ಹೈಫನ್ ಪಿ ಹಾಕಿ 9090 ಎಂದು ಕೊಡಿ, ಕೆಳಗೆ 8080 ಎಂದಿರುವ ಕಡೆಯೆಲ್ಲ 9090 ಬಳಸಿ.

## ಹಂತ 2: ದಾರಿ ಇದೇನಾ ಎಂದು ನೋಡಿ

ದಿನಾ ಬಳಸುವ ಕ್ರೋಮ್‌ಗೆ ಕೈ ಹಚ್ಚಬೇಡಿ. ಫೈರ್‌ಫಾಕ್ಸ್‌ನಲ್ಲಿ ಈ ಕೆಲಸಕ್ಕೇ ಅಂತ ಬೇರೆ ಪ್ರೊಫೈಲ್ ಮಾಡಿಕೊಳ್ಳಿ. ಫೈರ್‌ಫಾಕ್ಸ್‌ಗೆ ತನ್ನದೇ ಪ್ರಾಕ್ಸಿ ಸೆಟ್ಟಿಂಗ್ ಇದೆ, ತನ್ನದೇ ಸರ್ಟಿಫಿಕೇಟ್ ಪಟ್ಟಿಯೂ ಇದೆ. ಹಾಗಾಗಿ ನೀವು ಮಾಡುವ ಗಲಾಟೆ ಆ ಪ್ರೊಫೈಲಿನ ಒಳಗೇ ಉಳಿಯುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಎಂದು ಹುಡುಕಿ. ಮ್ಯಾನ್ಯುಯಲ್ ಆರಿಸಿ, ಎಚ್‌ಟಿಟಿಪಿ ಪ್ರಾಕ್ಸಿ ಜಾಗದಲ್ಲಿ 127.0.0.1, ಪೋರ್ಟ್ 8080. ಕೆಳಗೆ ಎಚ್‌ಟಿಟಿಪಿಎಸ್‌ಗೂ ಇದನ್ನೇ ಬಳಸು ಎಂಬ ಚೌಕ ಇರುತ್ತದೆ, ಅದಕ್ಕೂ ಟಿಕ್ ಹಾಕಿ.

ಈಗ ಪರೀಕ್ಷೆ. ವಿಳಾಸದ ಜಾಗದಲ್ಲಿ ಎಚ್‌ಟಿಟಿಪಿ, ಕೋಲನ್, ಎರಡು ಓರೆಗೆರೆ ಸಮೇತ ಎಂಐಟಿಎಂ ಡಾಟ್ ಐಟಿ ಎಂದು ಟೈಪ್ ಮಾಡಿ. ಪ್ರಾಕ್ಸಿ ಮೂಲಕ ಹೋಗುತ್ತಿದ್ದರೆ ಸರ್ಟಿಫಿಕೇಟ್ ಇಳಿಸಿಕೊಳ್ಳುವ ಪುಟ ಬರುತ್ತದೆ. ಇಲ್ಲದಿದ್ದರೆ, ಟ್ರಾಫಿಕ್ ಮಿಟ್ಮ್‌ಪ್ರಾಕ್ಸಿ ಮೂಲಕ ಹಾದುಹೋಗುತ್ತಿಲ್ಲ ಎಂದು ಅದೇ ಪುಟ ಹೇಳುತ್ತದೆ. ಇಷ್ಟು ಸ್ಪಷ್ಟವಾದ ಪರೀಕ್ಷೆ ಇದ್ದರೂ ಯಾರೂ ಮಾಡುವುದಿಲ್ಲ, ಅದೇ ಬೇಜಾರು.

ಲೋಕಲ್‌ಹೋಸ್ಟ್ ಎಂಬ ಗುಂಡಿ. ಎಲ್ಲರೂ ಬೀಳುವುದು ಇಲ್ಲೇ. ನಿಮ್ಮ ಪ್ರಾಜೆಕ್ಟ್ ಲೋಕಲ್‌ಹೋಸ್ಟ್ (ಅಂದರೆ ನಿಮ್ಮದೇ ಲ್ಯಾಪ್‌ಟಾಪ್) 3000ದಲ್ಲಿ ಓಡುತ್ತಿದೆ ಎಂದುಕೊಳ್ಳಿ. ಲೋಕಲ್‌ಹೋಸ್ಟ್ ಮತ್ತು 127.0.0.1ಕ್ಕೆ ಹೋಗುವ ರಿಕ್ವೆಸ್ಟನ್ನು ಕ್ರೋಮ್, ಫೈರ್‌ಫಾಕ್ಸ್ ಎರಡೂ ಮಾಮೂಲಿಯಾಗಿ ಪ್ರಾಕ್ಸಿಗೆ ಕಳಿಸುವುದೇ ಇಲ್ಲ, ನೇರವಾಗಿ ಕಳಿಸುತ್ತವೆ. ಬೇರೆ ಸೈಟುಗಳೆಲ್ಲ ಮಿಟ್ಮ್‌ವೆಬ್‌ನಲ್ಲಿ ಕಾಣುತ್ತವೆ, ನಿಮ್ಮದು ಮಾತ್ರ ಇಲ್ಲ. ಗೇಟು ಬಿಟ್ಟು ಹಿತ್ತಲ ಬಾಗಿಲಿಂದ ಲಾರಿ ಹೋದ ಹಾಗೆ.

ಇದಕ್ಕೆ ನನಗಿಷ್ಟವಾದ ಪರಿಹಾರ ರಿವರ್ಸ್ ಮೋಡ್. ಮಿಟ್ಮ್‌ವೆಬ್ ಆಜ್ಞೆಯ ಕೊನೆಗೆ ಎರಡು ಹೈಫನ್ ಮೋಡ್ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ರಿವರ್ಸ್, ಕೋಲನ್, ನಿಮ್ಮ ಸರ್ವರಿನ ಪೂರ್ತಿ ವಿಳಾಸ ಕೊಡಿ. ಬ್ರೌಸರಿನಲ್ಲಿ 3000ದ ಬದಲು ಲೋಕಲ್‌ಹೋಸ್ಟ್ 8080 ತೆರೆಯಿರಿ. ಬ್ರೌಸರಿಗೆ ಪ್ರಾಕ್ಸಿಯೇ ಸೈಟ್ ಥರ ಕಾಣುತ್ತದೆ. ಪ್ರಾಕ್ಸಿ ಸೆಟ್ಟಿಂಗೂ ಬೇಡ, ಮೂರನೇ ಹಂತದ ಸರ್ಟಿಫಿಕೇಟೂ ಬೇಡ. ಸ್ವಂತ ಪ್ರಾಜೆಕ್ಟ್ ಮಾತ್ರ ಪರೀಕ್ಷೆ ಮಾಡುವವರು ಇಲ್ಲಿಂದ ನೇರ ನಾಲ್ಕನೇ ಹಂತಕ್ಕೆ ಹೋಗಬಹುದು.

## ಹಂತ 3: ಸರ್ಟಿಫಿಕೇಟ್ ನಂಬಿಸಿ

ಎಚ್‌ಟಿಟಿಪಿಎಸ್‌ನಲ್ಲಿ ಚೀಟಿಯೂ ಚೀಲವೂ ಬೀಗ ಹಾಕಿದ ಪೆಟ್ಟಿಗೆಯ ಒಳಗಿರುತ್ತವೆ. ಪ್ರಾಕ್ಸಿ ಅದನ್ನು ಬಿಚ್ಚಬೇಕಾದರೆ ಪ್ರಾಕ್ಸಿ ಕೊಡುವ ಸರ್ಟಿಫಿಕೇಟನ್ನು ಬ್ರೌಸರ್ ನಂಬಬೇಕು.

ಎಂಐಟಿಎಂ ಡಾಟ್ ಐಟಿ ಪುಟದಿಂದ ಫೈರ್‌ಫಾಕ್ಸ್‌ನ ಸರ್ಟಿಫಿಕೇಟ್ ಇಳಿಸಿಕೊಳ್ಳಿ. ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಸರ್ಟಿಫಿಕೇಟ್ ಎಂದು ಹುಡುಕಿ, ಅಥಾರಿಟೀಸ್ ಟ್ಯಾಬಿನಲ್ಲಿ ಇಂಪೋರ್ಟ್ ಮಾಡಿ. ವೆಬ್‌ಸೈಟ್ ಗುರುತಿಸಲು ಇದನ್ನು ನಂಬು ಎಂಬ ಚೌಕಕ್ಕೆ ಟಿಕ್ ಹಾಕುವುದನ್ನು ಮರೆತರೆ ಇಂಪೋರ್ಟ್ ಮಾಡಿದ್ದು ದಂಡ.

ಎಚ್ಚರಿಕೆ ಪುಟ ಬಂದಾಗ "ಪರವಾಗಿಲ್ಲ, ಮುಂದುವರಿಸು" ಒತ್ತುವುದು ಅಭ್ಯಾಸವಾಗಬಾರದು. ಎಚ್‌ಎಸ್‌ಟಿಎಸ್ (ಎಚ್‌ಟಿಟಿಪಿಎಸ್ ಕಡ್ಡಾಯ ಎನ್ನುವ ನಿಯಮ) ಇರುವ ಸೈಟುಗಳು ಆ ಬಟನ್ ಕೊಡುವುದೇ ಇಲ್ಲ. ಪುಟ ತೆರೆದರೂ ಅದರ ಹಿಂದೆ ಮಾಹಿತಿ ತರಲು ಸರ್ವರಿಗೆ ಹೋಗುವ ಎಪಿಐ ರಿಕ್ವೆಸ್ಟುಗಳು ಬೇರೆ ಡೊಮೇನಿನವಾಗಿದ್ದರೆ ಸದ್ದಿಲ್ಲದೆ ಸಾಯುತ್ತವೆ.

ಸರ್ಟಿಫಿಕೇಟ್ ನಂಬಿಕೆಯಾಗಿಲ್ಲ ಎಂದು ಪ್ರಾಕ್ಸಿಯೇ ಸೂಚನೆ ಕೊಡುತ್ತದೆ. ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಬೀಗ ಹಾಕುವ ಮೊದಲಿನ ಪರಿಚಯ) ಸೋತಿದೆ, ಕ್ಲೈಂಟ್, ಅಂದರೆ ಬ್ರೌಸರ್, ಪ್ರಾಕ್ಸಿಯ ಸರ್ಟಿಫಿಕೇಟನ್ನು ನಂಬುತ್ತಿಲ್ಲ ಎಂಬ ಅರ್ಥದ ಸಾಲು ಟರ್ಮಿನಲ್‌ನಲ್ಲಿ ಬಂದರೆ ಸ್ಕ್ರಿಪ್ಟ್ ಕಡೆ ನೋಡಲೇಬೇಡಿ. ತೊಂದರೆ ಇರುವುದು ಈ ಹಂತದಲ್ಲಿ.

## ಹಂತ 4: ಒಂದೇ ಒಂದು ಬದಲಾವಣೆ

ಸುಮ್ನೆ ಎಕ್ಸ್ ಟೆಸ್ಟ್ ಅಂತ ಹೆಡರ್ ಹಾಕುವುದಕ್ಕಿಂತ ನಮಗೆ ಉಪಯೋಗ ಬರುವ ಉದಾಹರಣೆ ತೆಗೆದುಕೊಳ್ಳೋಣ. ಸರ್ವರ್ ಯಾವ ಭಾಷೆಯ ಪುಟ ಕೊಡಬೇಕು ಎಂದು ಹೇಳುವುದು ಆಕ್ಸೆಪ್ಟ್ ಹೈಫನ್ ಲ್ಯಾಂಗ್ವೇಜ್ ಎಂಬ ಹೆಡರ್. ಮೆಕ್ಕೆಜೋಳ, ಅಡಿಕೆ ದರ ತೋರಿಸುವ ನಿಮ್ಮ ಪ್ರಾಜೆಕ್ಟು ಚನ್ನಗಿರಿಯ ರೈತನಿಗೆ ಕನ್ನಡದಲ್ಲೇ ತೆರೆದುಕೊಳ್ಳುತ್ತದಾ ಎಂದು ಇದರಿಂದ ನೋಡಬಹುದು.

ಎಡಿಟರಿನಲ್ಲಿ ಹೊಸ ಫೈಲ್ ತೆರೆಯಿರಿ. ಮೂರೇ ಸಾಲು.

1. ಡೆಫ್, ಒಂದು ಸ್ಪೇಸ್, ರಿಕ್ವೆಸ್ಟ್, ದುಂಡು ಬ್ರಾಕೆಟ್ ಒಳಗೆ ಫ್ಲೋ, ಕೊನೆಗೆ ಕೋಲನ್.
2. ನಾಲ್ಕು ಸ್ಪೇಸ್ ಬಿಟ್ಟು: ಇಫ್, ಸ್ಪೇಸ್, ಫ್ಲೋ ಡಾಟ್ ರಿಕ್ವೆಸ್ಟ್ ಡಾಟ್ ಪ್ರೆಟಿ ಅಂಡರ್‌ಸ್ಕೋರ್ ಹೋಸ್ಟ್, ಎರಡು ಸಮ ಚಿಹ್ನೆ, ಉದ್ಧರಣ ಚಿಹ್ನೆಯ ಒಳಗೆ ಸೈಟಿನ ಹೆಸರು, ಕೋಲನ್.
3. ಎಂಟು ಸ್ಪೇಸ್ ಬಿಟ್ಟು: ಫ್ಲೋ ಡಾಟ್ ರಿಕ್ವೆಸ್ಟ್ ಡಾಟ್ ಹೆಡರ್ಸ್, ಚೌಕ ಬ್ರಾಕೆಟ್ ಒಳಗೆ ಉದ್ಧರಣದಲ್ಲಿ ಆಕ್ಸೆಪ್ಟ್ ಹೈಫನ್ ಲ್ಯಾಂಗ್ವೇಜ್, ಒಂದು ಸಮ ಚಿಹ್ನೆ, ಉದ್ಧರಣದಲ್ಲಿ ಕೆಎನ್ ಹೈಫನ್ ಐಎನ್.

ರಿವರ್ಸ್ ಮೋಡ್‌ನಲ್ಲಿರುವವರು ಎರಡನೇ ಸಾಲು ಬಿಟ್ಟು, ಮೂರನೆಯದನ್ನು ನಾಲ್ಕು ಸ್ಪೇಸಿಗೆ ಎಳೆದುಕೊಳ್ಳಿ. ಅಲ್ಲಿ ಹಾದುಹೋಗುವುದೆಲ್ಲ ನಿಮ್ಮ ಸೈಟಿನದೇ. ಉಳಿದವರು ಎರಡನೇ ಸಾಲನ್ನು ಬಿಡಬೇಡಿ. ಬಿಟ್ಟರೆ ಆ ಪ್ರೊಫೈಲಿನಲ್ಲಿ ತೆರೆದ ಎಲ್ಲ ಸೈಟಿಗೂ ಬದಲಾವಣೆ ಹೋಗುತ್ತದೆ. ಭಾಷೆಯಾದರೆ ಸರಿ, ಲಾಗಿನ್ ಟೋಕನ್ ಸೇರಿಸುವ ಸ್ಕ್ರಿಪ್ಟ್ ಆಗಿದ್ದರೆ ನಿಮ್ಮ ಟೋಕನ್ನನ್ನು ಊರಿಗೆಲ್ಲ ಹಂಚಿದ ಹಾಗೆ.

ರಿಕ್ವೆಸ್ಟ್ ಎಂಬ ಫಂಕ್ಷನ್ ಹೆಸರು ನಿಮ್ಮ ಇಷ್ಟಕ್ಕೆ ಇಟ್ಟದ್ದಲ್ಲ. ಮಿಟ್ಮ್‌ಪ್ರಾಕ್ಸಿ ಹುಡುಕುವುದು ಅದೇ ಹೆಸರನ್ನು. ಚೇಂಜ್ ಹೆಡರ್, ಮೈ ರಿಕ್ವೆಸ್ಟ್ ಅಂತೆಲ್ಲ ಬರೆದರೆ ಎರರ್ ಬರುವುದಿಲ್ಲ, ಯಾರೂ ಅದನ್ನು ಕರೆಯುವುದೂ ಇಲ್ಲ.

ಫೈಲಿನ ಹೆಸರು ಡಾಟ್ ಪಿವೈ ಎಂದು ಮುಗಿಯುವ ಹಾಗೆ ಸೇವ್ ಮಾಡಿ. ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡಿದವರ ಫೈಲಿನ ಹೆಸರು ಎಷ್ಟೋ ಸಲ ಡಾಟ್ ಪಿವೈ ಡಾಟ್ ಟಿಎಕ್ಸ್‌ಟಿ ಆಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆ ಆನ್ ಮಾಡಿ ನೋಡಿ.

ಈಗ ಮಿಟ್ಮ್‌ವೆಬ್ ನಿಲ್ಲಿಸಿ, ಹೈಫನ್ ಎಸ್ ಮತ್ತು ಫೈಲಿನ ಹೆಸರು ಸೇರಿಸಿ ಮತ್ತೆ ಎಬ್ಬಿಸಿ. ಒಮ್ಮೆ ಲೋಡ್ ಆದ ಮೇಲೆ ಪ್ರತಿ ತಿದ್ದುಪಡಿಗೂ ನಿಲ್ಲಿಸಬೇಕಿಲ್ಲ. ಫೈಲ್ ಸೇವ್ ಮಾಡಿದರೆ ಪ್ರಾಕ್ಸಿ ತಾನೇ ಮತ್ತೆ ಓದುತ್ತದೆ, ಹಾಗೆಂದು ಟರ್ಮಿನಲ್‌ನಲ್ಲಿ ಒಂದು ಸಾಲನ್ನೂ ತೋರಿಸುತ್ತದೆ. ಆ ಸಾಲು ಬರದಿದ್ದರೆ ನೀವು ತಿದ್ದುತ್ತಿರುವುದು ಬೇರೆ ಫೋಲ್ಡರಿನ ಬೇರೆ ಫೈಲು.

## ಹಂತ 5: ಸರಿಯಾದ ಜಾಗದಲ್ಲಿ ನೋಡಿ

ನನಗೆ ಬರುವ ಕರೆಗಳಲ್ಲಿ ಜಾಸ್ತಿ ಇದಕ್ಕೇ ಸಂಬಂಧಿಸಿದವು. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು, ರಿಕ್ವೆಸ್ಟ್ ಹೆಡರ್‌ನಲ್ಲಿ ಹಳೆಯದೇ ಇದೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಅಲ್ಲಿ ಹಳೆಯದೇ ಇರಬೇಕು! ಬ್ರೌಸರ್ ತೋರಿಸುವುದು ತಾನು ಕಳಿಸಿದ್ದನ್ನು. ಪ್ರಾಕ್ಸಿ ತಿದ್ದುವುದು ಬ್ರೌಸರಿನಿಂದ ಹೊರಟ ಮೇಲೆ. ಡ್ರೈವರ್ ಜೇಬಿನಲ್ಲಿರುವ ಕಾರ್ಬನ್ ಕಾಪಿಯಲ್ಲಿ ಗೇಟಿನ ತಿದ್ದುಪಡಿ ಹುಡುಕಿದರೆ ಸಿಗುತ್ತಾ?

ರಿಕ್ವೆಸ್ಟ್ ಬದಲಾವಣೆಯನ್ನು ನೋಡಲು ಎರಡು ಜಾಗ ಇವೆ. ಒಂದು, ಮಿಟ್ಮ್‌ವೆಬ್‌ನಲ್ಲಿ ಆ ರಿಕ್ವೆಸ್ಟಿನ ಮೇಲೆ ಕ್ಲಿಕ್ ಮಾಡಿದಾಗ ಬರುವ ವಿವರ. ಇನ್ನೊಂದು, ಸರ್ವರ್ ಕಡೆ. ನಿಮ್ಮದೇ ಸರ್ವರ್ ಆಗಿದ್ದರೆ ಬಂದ ಹೆಡರ್‌ಗಳನ್ನು ಪ್ರಿಂಟ್ ಮಾಡಿಸಿ. ಇಲ್ಲವಾದರೆ ಎಚ್‌ಟಿಟಿಪಿಬಿನ್ ಡಾಟ್ ಆರ್ಗ್, ಓರೆಗೆರೆ, ಹೆಡರ್ಸ್ ಎಂಬ ವಿಳಾಸ ತೆರೆಯಿರಿ, ಸ್ಕ್ರಿಪ್ಟಿನ ಎರಡನೇ ಸಾಲಿನಲ್ಲೂ ಆ ಹೋಸ್ಟ್ ಹೆಸರನ್ನೇ ಹಾಕಿ. ತನಗೆ ಬಂದ ಹೆಡರ್‌ಗಳನ್ನು ಅದು ಹಾಗೇ ವಾಪಸ್ ಓದಿ ಹೇಳುತ್ತದೆ. ಅಲ್ಲಿ ಕೆಎನ್ ಹೈಫನ್ ಐಎನ್ ಕಂಡರೆ ನಿಮ್ಮ ಕೆಲಸ ಆಯಿತು.

ರೆಸ್ಪಾನ್ಸ್, ಅಂದರೆ ಸರ್ವರ್ ಕೊಡುವ ಉತ್ತರ, ಅದರ ಹೆಡರ್ ಬದಲಾಯಿಸಿದರೆ ಮಾತ್ರ ಎಫ್12ರಲ್ಲಿ ಕಾಣುತ್ತದೆ, ಯಾಕೆಂದರೆ ಅದು ಬ್ರೌಸರಿಗೆ ತಲುಪುವ ಮೊದಲೇ ತಿದ್ದಿರುತ್ತದೆ.

ಇನ್ನೊಂದು ಕಳ್ಳ ತಪ್ಪು: ಸ್ಕ್ರಿಪ್ಟ್ ಮಧ್ಯದಲ್ಲಿ ಮುರಿದರೂ ಪುಟ ನಿಲ್ಲುವುದಿಲ್ಲ. ಹೆಡರ್ ಬೆಲೆಯಾಗಿ ಉದ್ಧರಣ ಇಲ್ಲದೆ 5 ಎಂದು ಬರೆದಿರಿ ಎಂದುಕೊಳ್ಳಿ. ಹೆಡರ್ ಬೆಲೆ ಅಕ್ಷರಗಳೇ ಆಗಿರಬೇಕು, ಸಂಖ್ಯೆ ನಡೆಯುವುದಿಲ್ಲ. ಮಿಟ್ಮ್‌ಪ್ರಾಕ್ಸಿ ಟರ್ಮಿನಲ್‌ನಲ್ಲಿ ಎರರ್ ಬರೆದು, ರಿಕ್ವೆಸ್ಟನ್ನು ತಿದ್ದದೆ ಮುಂದೆ ಕಳಿಸುತ್ತದೆ. ಬ್ರೌಸರಿನಲ್ಲಿ ಎಲ್ಲ ಚೆನ್ನಾಗೇ ಕಾಣುತ್ತದೆ. "ಎರರ್ ಏನೂ ಬರ್ತಿಲ್ಲ" ಎನ್ನುವವರಿಗೆ ನಾನು ಮೊದಲು ಹೇಳುವುದು ಟರ್ಮಿನಲ್ ಕಿಟಕಿಯನ್ನು ಮಿನಿಮೈಸ್ ಮಾಡಬೇಡಿ ಅಂತ.

ಹಳೇ ಪುಟವೇ ಬರುತ್ತಿದ್ದರೆ ಅದು ಕ್ಯಾಶ್, ಅಂದರೆ ಬ್ರೌಸರ್ ಎತ್ತಿಟ್ಟುಕೊಂಡ ಹಳೇ ಪ್ರತಿ, ಇರಬಹುದು. ಎರಡು ಹೈಫನ್ ಆಂಟಿಕ್ಯಾಶ್ ಎಂಬ ಆಯ್ಕೆ ಸೇರಿಸಿ, ಬ್ರೌಸರಿನ ಕ್ಯಾಶನ್ನೂ ಒಮ್ಮೆ ಅಳಿಸಿ.

## ಹಂತ 6: ರೆಸ್ಪಾನ್ಸ್ ಕಡೆ

ಫಂಕ್ಷನ್ ಹೆಸರು ಈಗ ರೆಸ್ಪಾನ್ಸ್, ಒಳಗೆ ಫ್ಲೋ ಡಾಟ್ ರೆಸ್ಪಾನ್ಸ್ ಡಾಟ್ ಹೆಡರ್ಸ್. ಉಳಿದದ್ದು ಹಾಗೇ.

ಹೆಡರ್ ತೆಗೆಯಬೇಕಾದರೆ ಪೈಥಾನ್‌ನ ಡೆಲ್ ಎಂಬ ಪದ ಬಳಸಬೇಡಿ. ಆ ಹೆಡರ್ ಇಲ್ಲದ ರೆಸ್ಪಾನ್ಸ್ ಬಂದ ಕೂಡಲೇ ಸ್ಕ್ರಿಪ್ಟ್ ಮುರಿಯುತ್ತದೆ. ಪಾಪ್ ಎಂಬ ಮೆಥಡ್‌ಗೆ ಹೆಡರ್ ಹೆಸರು ಮತ್ತು ನನ್ (ಪೈಥಾನ್‌ನಲ್ಲಿ "ಏನೂ ಇಲ್ಲ" ಎನ್ನುವ ಪದ, ಮೊದಲಕ್ಷರ ದೊಡ್ಡದು) ಎರಡನ್ನೂ ಕೊಡಿ. ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

ಸೆಟ್ ಹೈಫನ್ ಕುಕಿ ಒಂದೇ ರೆಸ್ಪಾನ್ಸಿನಲ್ಲಿ ನಾಲ್ಕೈದು ಸಲ ಬರಬಹುದು. ಚೌಕ ಬ್ರಾಕೆಟ್ ಹಾಕಿ ಬೆಲೆ ಕೊಟ್ಟರೆ ಅಷ್ಟೂ ಹೋಗಿ ನಿಮ್ಮದೊಂದೇ ಉಳಿಯುತ್ತದೆ, ಲಾಗಿನ್ ಹಾರಿಹೋಗುತ್ತದೆ. ಸೇರಿಸುವುದಾದರೆ ಆಡ್ ಮೆಥಡ್ ಬಳಸಿ.

ಹುಡುಗರು ಇಲ್ಲಿಗೆ ಬರುವುದು ಬಹುಪಾಲು ಕಾರ್ಸ್ (ಸಿ, ಓ, ಆರ್, ಎಸ್) ಎರರ್ ದಾಟಲು. ಪುಟ ಒಂದು ಪೋರ್ಟಿನಲ್ಲಿ, ಎಪಿಐ ಇನ್ನೊಂದರಲ್ಲಿ, ಬ್ರೌಸರ್ ತಡೆಯುತ್ತದೆ. ಆಕ್ಸೆಸ್ ಕಂಟ್ರೋಲ್ ಅಲೋ ಆರಿಜಿನ್ (ಪದಗಳ ನಡುವೆ ಹೈಫನ್) ಹೆಡರನ್ನು ಪ್ರಾಕ್ಸಿಯಲ್ಲಿ ಸೇರಿಸಿದರೂ ಕೆಲವೊಮ್ಮೆ ತಡೆಯುತ್ತಲೇ ಇರುತ್ತದೆ. ನಿಜವಾದ ರಿಕ್ವೆಸ್ಟಿಗೆ ಮುಂಚೆ ಬ್ರೌಸರ್ ಆಪ್ಷನ್ಸ್ ಎಂಬ ವಿಧಾನದಲ್ಲಿ ಅನುಮತಿ ಕೇಳಿರುತ್ತದೆ, ಸರ್ವರ್ ಅದಕ್ಕೆ 405, ಅಂದರೆ ಈ ವಿಧಾನ ಇಲ್ಲಿ ನಡೆಯುವುದಿಲ್ಲ, ಎಂದಿರುತ್ತದೆ. ಆ ಉತ್ತರ 200ರ ಸಾಲಿನದಾಗಿರಬೇಕು. ಜೊತೆಗೆ ಆಕ್ಸೆಸ್ ಕಂಟ್ರೋಲ್ ಎಂದೇ ಶುರುವಾಗುವ ಅಲೋ ಹೆಡರ್ಸ್, ಅಲೋ ಮೆಥಡ್ಸ್ ಸಹ ಬೇಕಾಗಬಹುದು. ಕುಕಿ ಕಳಿಸುತ್ತಿದ್ದರೆ ಆರಿಜಿನ್ ಜಾಗದಲ್ಲಿ ನಕ್ಷತ್ರ ಚಿಹ್ನೆ ನಡೆಯುವುದಿಲ್ಲ, ಪೂರ್ತಿ ವಿಳಾಸವನ್ನೇ ಬರೆಯಬೇಕು, ಅದೇ ಥರದ ಅಲೋ ಕ್ರೆಡೆನ್ಷಿಯಲ್ಸ್ ಹೆಡರಿಗೆ ಟ್ರೂ ಎಂದೂ ಕೊಡಬೇಕು.

ತೊಂದರೆ ಎಲ್ಲಿದೆ ಎಂದು ಕಂಡುಹಿಡಿಯುವುದಕ್ಕೆ ಇದನ್ನು ಮಾಡಿ, ಆಮೇಲೆ ಸರ್ವರ್‌ನಲ್ಲೇ ಸರಿಮಾಡಿ. ವೈವಾ ದಿನ ಪರೀಕ್ಷಕರ ಲ್ಯಾಪ್‌ಟಾಪಿನಲ್ಲಿ ನಿಮ್ಮ ಪ್ರಾಕ್ಸಿ ಇರುವುದಿಲ್ಲ ಅಲ್ವಾ?

## ಹಂತ 7: ಈ ಚೀಟಿಗಳನ್ನು ಹುಷಾರಾಗಿ ಮುಟ್ಟಿ

ಕಂಟೆಂಟ್ ಲೆಂತ್. ಇದು ತೂಕದ ಚೀಟಿ. ಚೀಲ ಹಾಗೇ ಇಟ್ಟು ತೂಕ ಮಾತ್ರ ತಿದ್ದಿದರೆ ವೇಬ್ರಿಜ್‌ನಲ್ಲಿ ಸಿಕ್ಕಿಬೀಳುತ್ತೀರಿ. ಕಡಿಮೆ ಬರೆದರೆ ಪುಟ ಅರ್ಧಕ್ಕೆ ಕತ್ತರಿಸುತ್ತದೆ, ಜಾಸ್ತಿ ಬರೆದರೆ ಬ್ರೌಸರ್ ಕಾಯುತ್ತಾ ಕೂರುತ್ತದೆ. ಪುಟದ ಒಳಗಿನದನ್ನು ಸ್ಕ್ರಿಪ್ಟಿನಿಂದ ಬದಲಾಯಿಸಿದರೆ ಮಿಟ್ಮ್‌ಪ್ರಾಕ್ಸಿ ತೂಕವನ್ನು ತಾನೇ ಸರಿಮಾಡುತ್ತದೆ. ಕಂಟೆಂಟ್ ಎನ್‌ಕೋಡಿಂಗ್ ಮತ್ತು ಟ್ರಾನ್ಸ್‌ಫರ್ ಎನ್‌ಕೋಡಿಂಗ್ ಹೆಡರ್‌ಗಳಿಗೂ ಕೈ ಹಾಕಬೇಡಿ.

ಹೋಸ್ಟ್. ಈ ಹೆಡರ್ ಬದಲಾಯಿಸಿದರೆ ರಿಕ್ವೆಸ್ಟ್ ಬೇರೆ ಸರ್ವರಿಗೆ ಹೋಗುವುದಿಲ್ಲ. ಹಳೇ ಸರ್ವರಿಗೇ ಹೊಸ ಹೆಸರು ಹೇಳಿಕೊಂಡು ಹೋಗುತ್ತದೆ. ದಾರಿಯೇ ಬದಲಾಗಬೇಕಾದರೆ ಫ್ಲೋ ಡಾಟ್ ರಿಕ್ವೆಸ್ಟ್ ಡಾಟ್ ಹೋಸ್ಟ್ ಬದಲಾಯಿಸಿ.

ರೆಫರರ್. ಈ ಹೆಡರ್ ಹೆಸರಿನ ಇಂಗ್ಲಿಷ್ ಕಾಗುಣಿತವೇ ತಪ್ಪು, ಮಧ್ಯದಲ್ಲಿ ಒಂದು ಆರ್ ಕಡಿಮೆ. 1996ರ ಎಚ್‌ಟಿಟಿಪಿ ದಾಖಲೆಯಲ್ಲೇ ಹಾಗಿತ್ತು, ಈಗಲೂ ಹಾಗೇ ಇದೆ. ನೀವು ಸರಿಯಾಗಿ ಬರೆದರೆ ಸರ್ವರ್ ಗುರುತಿಸುವುದಿಲ್ಲ.

ಯೂಸರ್ ಏಜೆಂಟ್. ಹೆಡರ್ ಬದಲಾಗುತ್ತದೆ, ಆದರೆ ಪುಟದ ಜಾವಾಸ್ಕ್ರಿಪ್ಟ್ ಬ್ರೌಸರನ್ನೇ ನೇರವಾಗಿ ಕೇಳಿದರೆ ಹಳೇ ಉತ್ತರವೇ ಸಿಗುತ್ತದೆ.

ಕನ್ನಡ ಅಕ್ಷರ. ಸಿಟಿ ಎಂಬ ಹೆಡರಿಗೆ "ದಾವಣಗೆರೆ" ಎಂದು ಕನ್ನಡದಲ್ಲೇ ಬರೆದು, ಸರ್ವರ್‌ನಲ್ಲಿ ಚಿತ್ರವಿಚಿತ್ರ ಗುರುತುಗಳನ್ನು ನೋಡಿ ಗಾಬರಿಯಾದವರಿದ್ದಾರೆ. ಹೆಡರ್‌ಗಳು ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಅಕ್ಷರಗಳಿಗೆಂದೇ ಇರುವ ಜಾಗ. ಯುಟಿಎಫ್-8ನಲ್ಲಿ ಹೋದ ಕನ್ನಡವನ್ನು ಎಷ್ಟೋ ಸರ್ವರ್‌ಗಳು ಲ್ಯಾಟಿನ್ ಎಂದು ಓದುತ್ತವೆ. ಪೈಥಾನ್‌ನ ಯುಆರ್‌ಎಲ್‌ಲಿಬ್ ಡಾಟ್ ಪಾರ್ಸ್‌ನಲ್ಲಿರುವ ಕೋಟ್ ಫಂಕ್ಷನ್ನಿನಿಂದ ಶೇಕಡಾ ಚಿಹ್ನೆಯ ರೂಪಕ್ಕೆ ತಂದು ಕಳಿಸಿ, ಸರ್ವರ್‌ನಲ್ಲಿ ಬಿಚ್ಚಿ.

## ಹಂತ 8: ಫೋನಿನಿಂದ ಪರೀಕ್ಷೆ ಮಾಡುವುದಾದರೆ

ಹಾಸ್ಟೆಲ್ ವೈಫೈನಲ್ಲಿ ಇದನ್ನು ಮಾಡಲು ಹೋಗಿ ನಾನೇ ಒಂದು ರಾತ್ರಿ ಹಾಳು ಮಾಡಿಕೊಂಡಿದ್ದೇನೆ. ಅಂಥ ನೆಟ್‌ವರ್ಕುಗಳಲ್ಲಿ ಒಂದು ಸಾಧನ ಇನ್ನೊಂದನ್ನು ಮುಟ್ಟದಂತೆ ತಡೆ ಹಾಕಿರುವುದು ಸಾಮಾನ್ಯ. ಸುಲಭದ ದಾರಿ: ಲ್ಯಾಪ್‌ಟಾಪಿನಲ್ಲೇ ಹಾಟ್‌ಸ್ಪಾಟ್ ಆನ್ ಮಾಡಿ ಫೋನನ್ನು ಅದಕ್ಕೆ ಸೇರಿಸಿ. ವಿಂಡೋಸ್ ಹಾಟ್‌ಸ್ಪಾಟಿನಲ್ಲಿ ಲ್ಯಾಪ್‌ಟಾಪಿನ ವಿಳಾಸ 192.168.137.1 ಆಗಿರುತ್ತದೆ. ಫೋನಿನ ವೈಫೈ ಸೆಟ್ಟಿಂಗಿನಲ್ಲಿ ಅದನ್ನೂ 8080ಯನ್ನೂ ಹಾಕಿ. ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸೇರಿಸುವುದು ಉಲ್ಟಾ, ಅದರಿಂದ ಉಪಯೋಗವಿಲ್ಲ. ಫೈರ್‌ವಾಲ್ ಅನುಮತಿ ಕೇಳಿದರೆ ಕೊಡಿ.

ಐಫೋನಿನಲ್ಲಿ ಸರ್ಟಿಫಿಕೇಟ್ ಹಾಕಿದ ಮೇಲೆ ಅಬೌಟ್ ಒಳಗಿನ ಸರ್ಟಿಫಿಕೇಟ್ ಟ್ರಸ್ಟ್ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಬೇರೆಯಾಗಿ ಆನ್ ಮಾಡಬೇಕು. ಆಂಡ್ರಾಯ್ಡ್ 7ರಿಂದ ಈಚೆಗೆ, ನೀವು ಹಾಕಿದ ಸರ್ಟಿಫಿಕೇಟನ್ನು ಕ್ರೋಮ್ ನಂಬುತ್ತದೆ, ಆಪ್‌ಗಳು ಮಾಮೂಲಿಯಾಗಿ ನಂಬುವುದಿಲ್ಲ. ನಿಮ್ಮದೇ ಆಪ್ ಆಗಿದ್ದರೆ ಅದರ ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್ ಫೈಲಿನಲ್ಲಿ ಡೀಬಗ್ ಬಿಲ್ಡಿಗೆ ಮಾತ್ರ ಅನುಮತಿ ಕೊಡಿ. ಬ್ಯಾಂಕ್, ಯುಪಿಐ ಆಪ್‌ಗಳ ತಂಟೆಗೆ ಹೋಗಬೇಡಿ.

## ಹಂತ 9: ಕೆಲಸ ಮುಗಿದ ಮೇಲೆ ಕಳಚಿ

ಫೈರ್‌ಫಾಕ್ಸ್ ಪ್ರೊಫೈಲ್ ಬೇರೆ ಮಾಡಿದ್ದರೆ ಅದನ್ನು ಮುಚ್ಚಿದರೆ ಸಾಕು. ಫೋನಿನಲ್ಲಿ ಪ್ರಾಕ್ಸಿ ಸೆಟ್ಟಿಂಗ್ ತೆಗೆಯಿರಿ, ಸರ್ಟಿಫಿಕೇಟನ್ನೂ ಅಳಿಸಿ. ಮರೆತರೆ ಅದೇ ಹಾಟ್‌ಸ್ಪಾಟಿಗೆ ಮತ್ತೆ ಸೇರಿದ ದಿನ "ಅಣ್ಣ, ನೆಟ್ ಬರ್ತಿಲ್ಲ" ಎಂದು ಇನ್ನೊಂದು ಕರೆ ಮಾಡುತ್ತೀರಿ.

ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಮಿಟ್ಮ್‌ಪ್ರಾಕ್ಸಿ ಎಂಬ ಫೋಲ್ಡರ್ ಇರುತ್ತದೆ. ಸರ್ಟಿಫಿಕೇಟಿನ ಗುಟ್ಟಿನ ಕೀಲಿ ಅದರೊಳಗಿದೆ. ಅದು ಯಾರ ಕೈಗೆ ಸಿಕ್ಕರೂ, ಆ ಸರ್ಟಿಫಿಕೇಟ್ ನಂಬುವ ನಿಮ್ಮ ಸಾಧನಗಳ ಬೀಗ ಅವರ ಕೈಗೆ ಸಿಕ್ಕಂತೆ. ಗಿಟ್‌ಹಬ್‌ಗೆ ಹಾಕಬೇಡಿ, ಪ್ರಾಜೆಕ್ಟ್ ಪಾಲುದಾರನಿಗೆ ಪೆನ್‌ಡ್ರೈವ್‌ನಲ್ಲೂ ಕೊಡಬೇಡಿ, ಅವನು ತನ್ನದನ್ನೇ ಮಾಡಿಕೊಳ್ಳಲಿ. ಆ ಫೋಲ್ಡರ್ ಅಳಿಸಿದರೆ ಮುಂದಿನ ಸಲ ಹೊಸ ಸರ್ಟಿಫಿಕೇಟ್ ಹುಟ್ಟುತ್ತದೆ, ಹಳೆಯದು ಕೆಲಸಕ್ಕೆ ಬರುವುದಿಲ್ಲ. ಆಗ ಮೂರನೇ ಹಂತವನ್ನು ಮತ್ತೆ ಮಾಡಬೇಕು.